ಕ್ಯಾನ್ಸರ್ ಸರ್ಜರಿ ಆದ್ಮೇಲೆ ಮುಚ್ಚದ ಗಾಯಕ್ಕೆ ಟಿಶ್ಯೂ ಗ್ರಾಫ್ಟ್, ನನ್ನ ಅನುಭವ

ನಾನು ಪ್ಲಾಸ್ಟಿಕ್ ಸರ್ಜನ್, ಗಡ್ಡೆ ತೆಗೆದ್ಮೇಲೆ ಉಳಿಯೋ ಗಾಯ ಮುಚ್ಚೋದೇ ನನ್ನ ಹೆಚ್ಚಿನ ಕೆಲಸ. ಗ್ರಾಫ್ಟ್, ಅಂದ್ರೆ ಬೇರೆ ಕಡೆಯಿಂದ ತಂದ ಚರ್ಮನೋ ಪೊರೆನೋ, ಹಾಕ್ಬಿಟ್ರೆ ಗಾಯ ತಾನೇ ಮಾಯುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಂಗಲ್ಲ, ಅದು ಬಳ್ಳಿಗೆ ಹಂದರ ಹಾಕ್ದಂಗೆ ಅಷ್ಟೇ, ಹಬ್ಬಬೇಕಾದ್ದು ಪೇಷಂಟ್‌ನ ಸ್ವಂತ ರಕ್ತನಾಳ.

ಒಬ್ರು ವಯಸ್ಸಾದವರಿಗೆ ನೆತ್ತಿ ಮೇಲೆ ಚರ್ಮದ ಕ್ಯಾನ್ಸರ್ ಆಗಿತ್ತು. ತೆಗೆದ್ಮೇಲೆ ಅಂಗೈ ಅಗಲ ಬುರುಡೆ ಕಾಣ್ತಿತ್ತು, ಮೂಳೆ ಮೇಲಿನ ಪೊರೆನೂ ಹೋಗಿತ್ತು, ಬರೀ ಮೂಳೆ ಮೇಲೆ ಸ್ಕಿನ್ ಗ್ರಾಫ್ಟ್ ಹಿಡಿಯಲ್ಲ. ಬೇರೆ ಕಡೆಯಿಂದ ಫ್ಲಾಪ್ (ರಕ್ತನಾಳ ಸಮೇತ ತೆಗೆದ ಚರ್ಮ, ಮಾಂಸದ ತುಂಡು) ತರೋಣ ಅಂದ್ರೆ ಅವರ ಹಾರ್ಟ್ ಅಷ್ಟು ಹೊತ್ತಿನ ಅನಸ್ತೇಷಿಯಾ ತಡ್ಕೊಳ್ಳೋ ಹಾಗಿರ್ಲಿಲ್ಲ. ಅದಕ್ಕೆ ದನದ ಕೊಲಾಜನ್‌ನಿಂದ ಮಾಡಿರೋ, ಮೇಲೆ ಸಿಲಿಕೋನ್ ಪದರ ಇರೋ ಶೀಟ್ ಹಾಕೋದು ಅಂತ ಆಯ್ತು. ಅದು ಯಾವ ಪ್ರಾಣಿಯದ್ದು ಅಂತ ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ತಗೊಂಡೆ, ಕೆಲವರಿಗೆ ನಂಬಿಕೆ ವಿಷಯ, ಕೆಲವರಿಗೆ ಅಲರ್ಜಿ, ಕೇಳದೆ ಹಾಕೋದು ತಪ್ಪು.

ಬಯಾಪ್ಸಿಯಲ್ಲಿ ಅಂಚು ಕ್ಲಿಯರ್, ಅಂದ್ರೆ ತೆಗೆದ ತುಂಡಿನ ಅಂಚಲ್ಲಿ ಕ್ಯಾನ್ಸರ್ ಇಲ್ಲ, ಅಂತ ಬರೋವರೆಗೂ ಕಾದ್ವಿ. ಕ್ಯಾನ್ಸರ್ ಉಳಿದಿದ್ರೆ ಅದನ್ನ ಮುಚ್ಚಿಟ್ಟಂಗಾಗುತ್ತೆ, ಇದ್ರಲ್ಲಿ ಅವಸರ ಬೇಡವೇ ಬೇಡ.

ಆಮೇಲೆ ಬರ್ (ತಿರುಗ್ತಾ ಮೂಳೆ ಉಜ್ಜೋ ಉಪಕರಣ) ಹಾಕಿ ಮೂಳೆಯ ಹೊರಪದರ ನಿಧಾನಕ್ಕೆ ಉಜ್ಜಿದ್ವಿ, ಸಲೈನ್ ಬಿಡ್ತಾ ಇರ್ಬೇಕು, ಇಲ್ಲಾಂದ್ರೆ ಬಿಸಿಗೆ ಮೂಳೆ ಸಾಯುತ್ತೆ. ಬಿಳಿ ಮೂಳೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳಕ್ಕೆ ಶುರುವಾದ್ವಲ್ಲ, ನಂಗೆ ಬೇಕಾಗಿದ್ದು ಅದೇ, ಒಳಗೆ ರಕ್ತ ಓಡ್ತಿದೆ ಅಂತ ಅರ್ಥ, ಅಲ್ಲಿಂದಾನೇ ರಕ್ತನಾಳ ಶೀಟ್ ಒಳಗೆ ಹಬ್ಬೋದು. ಶೀಟ್ ಕೆಳಗೆ ರಕ್ತವಾಗ್ಲಿ ಗಾಳಿಯಾಗ್ಲಿ ನಿಲ್ಲದ ಹಾಗೆ ಒತ್ತಿ ಸ್ಟೇಪಲ್ ಹೊಡೆದು ಮೇಲೆ ವ್ಯಾಕ್ಯೂಮ್ ಡ್ರೆಸ್ಸಿಂಗ್ (ಗಾಳಿ ಹೀರಿ ಒತ್ತಿ ಹಿಡಿಯೋ ಪಟ್ಟಿ) ಹಾಕಿದ್ವಿ. ಮೂರ್ನಾಲ್ಕು ವಾರದಲ್ಲಿ ಕೆಂಪಗಿದ್ದ ಶೀಟ್ ಹಳದಿ ಮಿಶ್ರ ಗುಲಾಬಿಗೆ ತಿರುಗುತ್ತೆ, ಆಗ ಸಿಲಿಕೋನ್ ಸುಲಿದು ತೊಡೆಯಿಂದ ತೆಳ್ಳನೆ ಚರ್ಮ ತೆಗೆದು ಹಾಕ್ಬೇಕು. ಅವರಿಗೂ ಹಾಗೇ ಮಾಡಿದ್ವಿ, ಚೆನ್ನಾಗಿ ಹಿಡೀತು.

ಅಂಚಲ್ಲಿ ಒಂದು ಸಣ್ಣ ಜಾಗ ಮಾತ್ರ ಮಾಯ್ಲಿಲ್ಲ. ಅದಕ್ಕೆ ಒಣಗಿಸಿದ ಆಮ್ನಿಯೋಟಿಕ್ ಪೊರೆ, ಅಂದ್ರೆ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರೋ ಪೊರೆ, ಇಟ್ವಿ. ಮಗು ಹುಟ್ಟಿದಾಗ ತಾಯಂದಿರು ದಾನ ಕೊಡೋದು, ಸೋಂಕಿನ ಟೆಸ್ಟ್ ಎಲ್ಲಾ ಮಾಡಿ ರೆಡಿ ಮಾಡಿರ್ತಾರೆ. ಮನೆಯವರಿಗೆ ನಾನು ಒತ್ತಿ ಹೇಳಿದ್ದು ಒಂದೇ, ಪೊರೆ ಕರಗಿ ಹಳದಿ ಅಂಟಿನ ಥರ ಕಾಣುತ್ತೆ, ಕೀವು ಅಂದ್ಕೊಂಡು ಒರೆಸ್ಬೇಡಿ, ವಾಸನೆ, ಜ್ವರ, ಸುತ್ತ ಕೆಂಪು ಬಂದ್ರೆ ಮಾತ್ರ ಆ ಹೊತ್ತಿಗೇ ಫೋನ್ ಮಾಡಿ.