ಮೆಟ್ರೋ ಕಿಟಕಿಲಿ ಕಾಣೋ ಲಿಪ್‌ಸ್ಟಿಕ್

ನಾನು ಕಪ್ಪು. ಎಣ್ಣೆಗೆಂಪು ಅಂತ ಅಮ್ಮ ಗಂಡಿನ ಕಡೆಯವರ ಹತ್ರ ಹೇಳ್ತಿದ್ರು, ಆದ್ರೆ ಕಪ್ಪೇ. 30 ದಾಟೋವರೆಗೂ ಮುಖಕ್ಕೊಂಚೂರು ಪೌಡರ್, ಕಣ್ಣಿಗೆ ಕಾಡಿಗೆ, ಹಣೆಗೆ ಸ್ಟಿಕರ್ ಬೊಟ್ಟು, ಮುಗೀತು. "ಕಪ್ಪಗಿರೋರಿಗೆ ಲಿಪ್‌ಸ್ಟಿಕ್ ಒಪ್ಪಲ್ಲ ಕಣೇ" ಅಂತ ದೊಡ್ಡಮ್ಮ ಯಾವತ್ತೋ ಅಂದಿದ್ದು ತಲೇಲಿ ಕೂತ್ಬಿಟ್ಟಿತ್ತು.

ಮೊದಲ ಸಲ ಫೌಂಡೇಶನ್, ಅಂದ್ರೆ ಮುಖದ ಬಣ್ಣ ಒಂದೇ ಸಮ ಕಾಣೋಕೆ ಹಚ್ಚೋ ಕ್ರೀಮು, ತಗೊಂಡಿದ್ದು ತಂಗಿ ಮದುವೆಗೆ. ಅಂಗಡಿ ಹುಡುಗಿ ನನ್ನ ಮುಖ ನೋಡಿ "ಎರಡು ಶೇಡ್ ಲೈಟ್ ತಗೊಳಿ ಮೇಡಂ, ಬ್ರೈಟಾಗಿ ಕಾಣ್ತೀರ" ಅಂದ್ಲು, ಟ್ಯೂಬ್‌ಲೈಟ್ ಕೆಳಗೆ ಮುಂಗೈಗೆ ಹಚ್ಚಿ ತೋರ್ಸಿದ್ಲು, ನಾನೂ ಹೂಂ ಅಂದೆ. ಫೋಟೋದಲ್ಲಿ ಕುತ್ತಿಗೆ ಒಂದು ಬಣ್ಣ, ಮುಖ ವಿಭೂತಿ ಬಳ್ಕೊಂಡಂಗೆ ಬೂದು. ಮನೆಗೆ ಯಾರಾದ್ರೂ ಬಂದಾಗ ಅಮ್ಮ ಬೀರುವಿಂದ ಆಲ್ಬಮ್ ತೆಗೆದ್ರೆ ನಾನು ಕಾಫಿ ಮಾಡೋಕೆ ಎದ್ದು ಹೋಗ್ತೀನಿ.

ಈಗ ತಗೊಳೋ ರೀತಿನೇ ಬೇರೆ. ದವಡೆ ಮೇಲೆ ಮೂರು ಶೇಡ್ ಪಕ್ಕಪಕ್ಕ ಗೆರೆ ಎಳ್ಕೊಂಡು ಆಚೆ ಬಿಸಿಲಿಗೆ ಬಂದು ಫೋನಲ್ಲಿ ನೋಡ್ತೀನಿ, ಯಾವ ಗೆರೆ ಚರ್ಮದಲ್ಲಿ ಸೇರ್ಕೊಂಡು ಮಾಯ ಆಗುತ್ತೋ ಅದೇ ನಮ್ದು. ಅದಕ್ಕೂ ಅವಸರ ಬೇಡ, ಕೆಲವು ಹಚ್ಚಿದ ಅರ್ಧ ಗಂಟೇಲಿ ಒಂಚೂರು ಕಪ್ಪಗಾಗುತ್ವೆ, ಅದಕ್ಕೇ ದವಡೆಲಿ ಮೂರು ಪಟ್ಟೆ ಇಟ್ಕೊಂಡೇ ಜಯನಗರ ಫೋರ್ತ್ ಬ್ಲಾಕಲ್ಲಿ ಒಂದು ರೌಂಡ್ ಹಾಕಿ ಪಾನಿಪುರಿ ತಿಂದು ಆಮೇಲೆ ವಾಪಸ್ ಅಂಗಡಿಗೆ ಹೋಗಿದ್ದೀನಿ, ಜನ ನೋಡಿದ್ರು, ನೋಡ್ಲಿ. ಇನ್ನೊಂದು, ಗಾಢ ಎಷ್ಟು ಅನ್ನೋದಷ್ಟೇ ಸಾಲಲ್ಲ, ಅಂಡರ್‌ಟೋನ್, ಅಂದ್ರೆ ಚರ್ಮದೊಳಗಿಂದ ಕಾಣೋ ಛಾಯೆ, ಹಳದಿ ಕಡೆಗಾ ಗುಲಾಬಿ ಕಡೆಗಾ ಅನ್ನೋದೂ ನೋಡ್ಬೇಕು. ನಂದು ಹಳದಿ, ಗುಲಾಬಿ ಛಾಯೆದು ಹಚ್ಚಿದ್ರೆ ಮತ್ತದೇ ಬೂದಿ. ಕಣ್ಣ ಕೆಳಗಿನ ಕಪ್ಪಿಗೆ ಮೊದಲು ಆ ಕಪ್ಪನ್ನ ತಗ್ಗಿಸೋ ಕಿತ್ತಳೆ ಬಣ್ಣದ ಕರೆಕ್ಟರ್ ಒಂದು ಚುಕ್ಕೆ, ಅದರ ಮೇಲೆ ಕಲೆ ಮುಚ್ಚೋ ಕ್ರೀಮು ಕನ್ಸೀಲರ್. ನೇರವಾಗಿ ಕನ್ಸೀಲರ್ ಹಚ್ಚಿ ನಾನು ಎಷ್ಟು ಟ್ಯೂಬ್ ದಂಡ ಮಾಡಿದೀನೋ.

ಲಿಪ್‌ಸ್ಟಿಕ್‌ಗೆ ಮಾತ್ರ ಧೈರ್ಯ ಬರೋಕೆ ಟೈಮ್ ಹಿಡೀತು. ಒಂದು ಮರೂನ್ ತಗೊಂಡು ವಾರವೆಲ್ಲಾ ಮನೇಲೇ ಹಚ್ಚಿ ಒರೆಸಿ ಹಚ್ಚಿ ಒರೆಸಿ, ಒಂದು ಸೋಮವಾರ ಹಚ್ಕೊಂಡೇ ಬನಶಂಕರೀಲಿ ಮೆಟ್ರೋ ಹತ್ತಿದೆ. ನ್ಯಾಷನಲ್ ಕಾಲೇಜ್ ದಾಟಿ ಟ್ರೈನ್ ನೆಲದೊಳಗೆ ಇಳೀತಿದ್ದಂಗೆ ಕಿಟಕಿ ಕನ್ನಡಿ ಆಗ್ಬಿಡುತ್ತಲ್ಲ, ಅಲ್ಲಿ ಒಬ್ಬಳು ಕಂಡ್ಲು, ಯಾರಪ್ಪಾ ಇವಳು ಅನ್ಕೊಂಡೆ, ನಾನೇ. ಮೆಜೆಸ್ಟಿಕ್ ದಾಟೋವರೆಗೂ ನೋಡ್ಕೊಂಡೆ.

ಪೀಣ್ಯದಲ್ಲಿ ನನ್ನ ಆಫೀಸು, ಅಕೌಂಟ್ಸ್ ಕೆಲಸ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಕೊಳೋ ಚಾಳಿ ನಂಗೆ ಸ್ಕೂಲಿಂದ. ಅವತ್ತು ಮೀಟಿಂಗಲ್ಲಿ ಕೈ ಮೇಲೆ ಹೋಯ್ತು, ಬಣ್ಣ ಅಂಟುತ್ತೆ ಅಂತ ನೆನಪಾಗಿ ಕೆಳಗಿಳಿಸ್ದೆ. ಇಳಿಸಿದ್ದೇ ತಡ ಮಾತು ಸ್ಪಷ್ಟ ಕೇಳಿಸ್ತು ಅನ್ಸುತ್ತೆ, ಮೊದಲ ಸಲ ಯಾರೂ "ಏನಂದ್ರಿ, ಇನ್ನೊಂದ್ಸಲ ಹೇಳಿ" ಅನ್ಲಿಲ್ಲ. ಲಂಚಲ್ಲಿ ಒಬ್ಬರು "ಏನ್ ವಿಶೇಷ ಇವತ್ತು?" ಅಂದ್ರು. ಸೋಮವಾರ ಅಂದೆ.

ರಾತ್ರಿ ಎಷ್ಟೇ ಸುಸ್ತಾಗಿದ್ರೂ ಕೊಬ್ಬರಿ ಎಣ್ಣೆ ಹಚ್ಚಿ ಎಲ್ಲಾ ಒರೆಸಿ, ಫೇಸ್‌ವಾಶ್ ಹಾಕಿ ತೊಳ್ದೇ ಮಲಗೋದು. ಮೊಡವೆ ಬರೋರು ಎಣ್ಣೆ ಬಿಟ್ಟು ಮೈಸೆಲ್ಲರ್ ವಾಟರ್ (ಮೇಕಪ್ ಒರೆಸೋಕೆ ಅಂತಲೇ ಸಿಗೋ ನೀರಿನಂಥದ್ದು) ಬಳಸಿ.

ಮೊನ್ನೆ ದೊಡ್ಡಮ್ಮ ಬಂದಿದ್ರು. ನನ್ನ ತುಟಿನೇ ನೋಡ್ತಾ ಕೂತಿದ್ದು ಕೊನೆಗೆ "ಎಷ್ಟಾಯ್ತೇ ಅದು?" ಅಂದ್ರು. 450 ಅಂದೆ. "ಅಷ್ಟೊಂದಾ!" ಅಂತ ಕಾಫಿ ಲೋಟ ಎತ್ಕೊಂಡ್ರು.