ಕೆಳಗೆ ದಾವೀದನ ಸಮಾಧಿ, ಮೇಲೆ ಕಡೆಯ ಭೋಜನದ ಕೊಠಡಿ: ಚೀಯೋನ್ ಬೆಟ್ಟಕ್ಕೆ ಹೋಗುವವರಿಗೆ

ಜೆರುಸಲೇಮಿನ ಹಳೆಯ ನಗರದ ಕೋಟೆಗೋಡೆಯ ಹೊರಗೆ, ಚೀಯೋನ್ ಬೆಟ್ಟದ ಮೇಲೆ, ಯೆಹೂದ್ಯರು, ಕ್ರೈಸ್ತರು ಮತ್ತು ಮುಸ್ಲಿಮರು ಮೂವರೂ ಪವಿತ್ರವೆಂದು ಎಣಿಸುವ ಒಂದು ಕಲ್ಲಿನ ಕಟ್ಟಡವಿದೆ. ಕೆಳಗಿನ ಅಂತಸ್ತಿನಲ್ಲಿ ಪ್ರಾಚೀನ ಇಸ್ರೇಲಿನ ದಾವೀದ ಅರಸನದೆಂದು ನಂಬಲಾದ ಸಮಾಧಿಯಿದ್ದರೆ, ಅದರ ಮೇಲೆಯೇ ಯೇಸು ಶಿಲುಬೆಗೇರುವ ಮುನ್ನ ಶಿಷ್ಯರೊಡನೆ ಕಡೆಯ ಭೋಜನ ಮಾಡಿದನೆಂದು ಹೇಳುವ ಕೊಠಡಿಯಿದೆ. ಆ ಕೊಠಡಿಯೇ ಶತಮಾನಗಳ ಕಾಲ ಮಸೀದಿಯೂ ಆಗಿತ್ತು. ಇಲ್ಲಿಗೆ ಹೋಗುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಇಡೀ ಕಟ್ಟಡಕ್ಕೆ ಒಂದೇ ನಿಯಮವಿಲ್ಲ, ಪ್ರತಿ ಬಾಗಿಲಿನಲ್ಲೂ ಶಿಸ್ತು ಬದಲಾಗುತ್ತದೆ.

ಅರ್ಮೇನಿಯನ್ನರ ಕೇರಿಯ ಪಕ್ಕದಲ್ಲಿರುವ ಚೀಯೋನ್ ಬಾಗಿಲಿನಿಂದ ಹೊರಬಂದರೆ ನಾಲ್ಕೈದು ನಿಮಿಷದ ನಡಿಗೆ. ಪ್ರವೇಶ ಶುಲ್ಕವಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಎರಡೂ ಅಂತಸ್ತುಗಳಿಗೆ ಸಲ್ಲುತ್ತದೆ. ಪವಿತ್ರ ಸ್ಥಳವೆಂದೊಡನೆ ಚಪ್ಪಲಿ ಕಳಚಲು ಬಗ್ಗುವ ಅಭ್ಯಾಸ ನಮ್ಮದು, ಆದರೆ ಇಲ್ಲಿ ಅದರ ಅಗತ್ಯವಿಲ್ಲ. ಕೆಳಗಿನ ಸಮಾಧಿಯ ಬಳಿ ಗಂಡಸರು ತಲೆಯನ್ನು ಮುಚ್ಚಿಕೊಳ್ಳುವುದೇ ಮುಖ್ಯ.

ದಿನದ ಆಯ್ಕೆಯಲ್ಲಿ ಎಚ್ಚರ ಬೇಕು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯೆಹೂದ್ಯರ ವಾರದ ವಿಶ್ರಾಂತಿದಿನವಾದ ಸಬ್ಬತ್ ಇರುವುದರಿಂದ ಆ ಅವಧಿಯಲ್ಲಿ ಸಮಾಧಿಯ ಬಳಿ ಫೋಟೊ ತೆಗೆಯುವುದಾಗಲಿ, ಟಿಪ್ಪಣಿ ಬರೆಯುವುದಾಗಲಿ ಸಲ್ಲದು. ಯೆಹೂದ್ಯರ ವಸಂತಕಾಲದ ಪಸ್ಕ ಹಬ್ಬದ ನಂತರ ಐವತ್ತನೆಯ ದಿನಕ್ಕೆ ಬರುವ ಶಾವೂಓಟ್ ಹಬ್ಬದಂದೇ ದಾವೀದನು ತೀರಿಕೊಂಡನೆಂಬ ಸಂಪ್ರದಾಯವಿದ್ದು, ಆಗ ಕೆಳ ಅಂತಸ್ತು ಪ್ರಾರ್ಥನೆಗೆ ಬಂದವರಿಂದ ತುಂಬಿಹೋಗುತ್ತದೆ. ಅದೇ ಹಬ್ಬದ ದಿನ ಮೇಲಿನ ಕೊಠಡಿಯಲ್ಲಿ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದಿತೆಂದು ಕ್ರೈಸ್ತರು ನಂಬುತ್ತಾರೆ. ಅವರ ಪಂಚಾಶತ್ತಮ ಹಬ್ಬದ ಮೂಲವೂ ಇದೇ. ಆದ್ದರಿಂದ ಕಟ್ಟಡವನ್ನು ಸಾವಧಾನವಾಗಿ ನೋಡಬಯಸುವವರು ಈ ಎರಡು ಹಬ್ಬಗಳನ್ನು ಬಿಟ್ಟು, ವಾರದ ನಡುವಿನ ಒಂದು ಬೆಳಿಗ್ಗೆ ಹೋಗುವುದು ಒಳ್ಳೆಯದು.

ಮೊದಲು ಮೇಲಕ್ಕೆ ಹೋಗಬೇಕೆಂಬುದು ನನ್ನ ಸಲಹೆ, ಏಕೆಂದರೆ ಕಟ್ಟಡದ ಚರಿತ್ರೆಯನ್ನು ಗೋಡೆಗಳಲ್ಲೇ ಓದಲು ಸಾಧ್ಯವಾಗುವುದು ಅಲ್ಲಿ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವರಿಗೆ ಮೊದಲ ನೋಟಕ್ಕೆ ನಿರಾಸೆಯಾಗಬಹುದು: ಬಲಿಪೀಠವಿಲ್ಲ, ಮೇಜಿಲ್ಲ, ದೀಪಗಳ ಸಾಲಿಲ್ಲ, ಇರುವುದು ಕಂಬಗಳ ಮೇಲೆ ನಿಂತ ಗಾಥಿಕ್ ಕಮಾನುಗಳ ಖಾಲಿ ಹಜಾರ ಮಾತ್ರ. 1330ರ ದಶಕದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ವಶಕ್ಕೆ ಬಂದಿದ್ದ ಈ ಸ್ಥಳವನ್ನು 16ನೆಯ ಶತಮಾನದಲ್ಲಿ ಆಟೊಮನ್ ಆಡಳಿತ ಅವರಿಂದ ಕಿತ್ತುಕೊಂಡು ಮಸೀದಿಯಾಗಿಸಿತು. ಮುಸ್ಲಿಮರಿಗೆ ದಾವೀದನು ಪ್ರವಾದಿ ದಾವೂದ್ ಆಗಿರುವುದರಿಂದ ಇದು ಅವರಿಗೂ ಪರಕೀಯ ಜಾಗವಾಗಿರಲಿಲ್ಲ. ದಕ್ಷಿಣ ಗೋಡೆಯಲ್ಲಿ ಮೆಕ್ಕಾದ ದಿಕ್ಕನ್ನು ತೋರುವ ಮಿಹ್ರಾಬ್ ಎಂಬ ಗೂಡು, ಅರಬ್ಬೀ ಶಾಸನಗಳು ಮತ್ತು ಬಣ್ಣದ ಗಾಜಿನ ಕಿಟಕಿಗಳು ಆ ಕಾಲದ ಗುರುತುಗಳು.

ಹಜಾರದ ಮೂಲೆಯಲ್ಲಿ, ಕೆಳಕ್ಕಿಳಿಯುವ ಮೆಟ್ಟಿಲಿನ ಮೇಲಿರುವ ಚಿಕ್ಕ ಗುಮ್ಮಟದ ಹತ್ತಿರ ತುಸು ಹೊತ್ತು ನಿಲ್ಲಿ. ಅದನ್ನು ಹೊತ್ತ ಪುಟ್ಟ ಕಂಬವೊಂದರ ಬೋದಿಗೆಯಲ್ಲಿ ಎರಡು ಹೆಜ್ಜಾರ್ಲೆ ಮರಿಗಳು ತಾಯಿಯ ಎದೆಯನ್ನು ಕುಕ್ಕುತ್ತಿರುವುದನ್ನು ಕಾಣಬಹುದು. ತಾಯಿ ಹಕ್ಕಿ ತನ್ನ ರಕ್ತವನ್ನೇ ಉಣಿಸಿ ಮರಿಗಳನ್ನು ಉಳಿಸುತ್ತದೆಂಬ ಹಳೆಯ ನಂಬಿಕೆಯಿಂದ, ಮಧ್ಯಯುಗದ ಕ್ರೈಸ್ತ ಶಿಲ್ಪಿಗಳು ಈ ಚಿತ್ರವನ್ನು ಯೇಸುವಿನ ಬಲಿದಾನದ ಸಂಕೇತವಾಗಿ ಬಳಸುತ್ತಿದ್ದರು. ಆ ಬೋದಿಗೆ ಮಸೀದಿಯಾಗಿದ್ದ ಹಜಾರದೊಳಗೆ ಉಳಿದುಬಂದಿದೆ.

ಈ ಕೊಠಡಿಯಲ್ಲಿ ಕ್ರೈಸ್ತರಿಗೆ ನಿತ್ಯಪೂಜೆಯ ಅವಕಾಶವಿಲ್ಲ. ಕಡೆಯ ಭೋಜನವನ್ನು ನೆನೆಯುವ ಪವಿತ್ರ ಗುರುವಾರ, ಪಂಚಾಶತ್ತಮದಂಥ ಕೆಲವೇ ದಿನಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. 2014ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿ ಬಲಿಪೂಜೆ ಅರ್ಪಿಸಿದಾಗ, ಇದರಿಂದ ಕಟ್ಟಡದ ಹಕ್ಕು ಕೈತಪ್ಪೀತೆಂಬ ಅಂಜಿಕೆಯಿಂದ ಕೆಲವು ಯೆಹೂದ್ಯರು ಪ್ರತಿಭಟಿಸಿದ್ದರು. ಹಾಗಾಗಿ ಗುಂಪಾಗಿ ಹೋದವರು ಮೌನವಾಗಿ ಪ್ರಾರ್ಥಿಸಬಹುದಾದರೂ, ಯಾವ ಧರ್ಮದ್ದೇ ಆಗಲಿ, ವಿಧಿಯೊಂದನ್ನು ಅಲ್ಲಿ ತಾವಾಗಿ ಏರ್ಪಡಿಸಲು ಹೋಗಬಾರದು.

ಅನಂತರ ಹೊರಗಿನಿಂದ ಸುತ್ತಿ ಕೆಳ ಅಂತಸ್ತಿಗೆ ಬನ್ನಿ. ಇಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಭಾಗಗಳಿವೆ. ದಂಪತಿಗಳು ಹೊರಗೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಸೂತಿಯ ಮಖಮಲ್ಲು ಹೊದಿಸಿದ ದೊಡ್ಡ ಕಲ್ಲಿನ ಗದ್ದುಗೆಯ ಮುಂದೆ ಜನರು ಕೀರ್ತನೆಗಳನ್ನು ಓದುತ್ತಿರುತ್ತಾರೆ. ಅವರ ಮತ್ತು ಗದ್ದುಗೆಯ ನಡುವೆ ಹಾಯಬೇಡಿ, ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ದಾವೀದನನ್ನು ದಾವೀದನ ನಗರದಲ್ಲಿ ಹೂಳಿದರೆಂದು ಬೈಬಲಿನ ಅರಸುಗಳ ಗ್ರಂಥವೇ ಹೇಳುತ್ತದೆ, ಆ ನಗರವಿದ್ದದ್ದು ಪೂರ್ವದ ಇನ್ನೊಂದು ದಿಣ್ಣೆಯ ಮೇಲೆಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಆದರೂ ಇದು ನಿಜಕ್ಕೂ ದಾವೀದನ ಸಮಾಧಿಯೇ ಎಂಬ ಚರ್ಚೆಯನ್ನು ಗದ್ದುಗೆಯ ಪಕ್ಕದಲ್ಲಿ ನಿಂತು ಮಾರ್ಗದರ್ಶಿಯೊಡನೆ ಗಟ್ಟಿಯಾಗಿ ನಡೆಸುವುದು ತರವಲ್ಲ.

1948ರಿಂದ 1967ರವರೆಗೆ ಹಳೆಯ ನಗರ ಜೋರ್ಡಾನಿನ ಹಿಡಿತದಲ್ಲಿದ್ದು, ಇಸ್ರೇಲಿನ ಯೆಹೂದ್ಯರಿಗೆ ಅದರೊಳಗಿನ ತಮ್ಮ ಪವಿತ್ರ ಪ್ರಾರ್ಥನಾಸ್ಥಳವಾದ ಪಶ್ಚಿಮ ಗೋಡೆಯ ಬಳಿ ಹೋಗಲಾಗದ ಆ 19 ವರ್ಷ ಈ ಸಮಾಧಿಯೇ ಅವರ ದೊಡ್ಡ ಯಾತ್ರಾಸ್ಥಳವಾಗಿತ್ತು. ಮರಳುವಾಗ ಚೀಯೋನ್ ಬಾಗಿಲಿನ ಹೊರಮೈಯನ್ನು ನೋಡಿ. 1948ರ ಕಾದಾಟದ ಗುಂಡುಗಳು ಕೊರೆದ ಕುಳಿಗಳು ಕಲ್ಲಿನ ತುಂಬ ಹಾಗೆಯೇ ಇವೆ.