ಹೋಮ್ ಲೋನ್ ಬದಲಾಯಿಸೋಕೆ ಮುಂಚೆ ಆಪತ್ತಿನ ದುಡ್ಡು ಎಣಿಸ್ಕೊಳ್ಳಿ

ಬಡ್ಡಿ ಇಳೀತು ಅಂತ ಗೊತ್ತಾದ ತಕ್ಷಣ ಸಾಲ ಇರೋ ಎಲ್ರಿಗೂ ಒಂದೇ ಯೋಚನೆ, ಲೋನ್‌ನ ಬೇರೆ ಬ್ಯಾಂಕಿಗೆ ಹಾಕ್ಬಿಡೋಣ್ವಾ ಅಂತ. ಹಾಕ್ಬೋದು, ತಪ್ಪೇನಿಲ್ಲ. ಆದ್ರೆ ಲೆಕ್ಕ ಶುರು ಮಾಡ್ಬೇಕಾಗಿರೋದು ಬಡ್ಡಿಯಿಂದ ಅಲ್ಲ, ನಿಮ್ಮ ಸೇವಿಂಗ್ಸ್ ಅಕೌಂಟಿಂದ.

ಮೊದಲು, ಏನೇ ಆದ್ರೂ ತಪ್ಪದ ತಿಂಗಳ ಖರ್ಚು ಬರ್ಕೊಳ್ಳಿ. ಇಎಂಐ, ದಿನಸಿ, ಕರೆಂಟು, ಮಕ್ಕಳ ಫೀಸು, ವರ್ಷಕ್ಕೊಂದ್ಸಲ ಕಟ್ಟೋ ಇನ್ಶೂರೆನ್ಸನ್ನ 12ರಿಂದ ಭಾಗಿಸಿ ಅದೂ ಸೇರಿಸಿ. ಇದರ 3ರಿಂದ 6 ಪಟ್ಟು ಕೈಗೆ ಸಿಗೋ ಹಾಗಿರ್ಬೇಕು, ಮನೇಲಿ ಒಬ್ರೇ ದುಡಿಯೋದಾದ್ರೆ 6ಕ್ಕಿಂತ ಕಮ್ಮಿ ಬೇಡ. ಇಷ್ಟ್ಯಾಕೆ ಅಂದ್ರೆ, ಕೆಲಸ ಹೋದ ದಿನ ಬ್ಯಾಂಕ್‌ನೋರು ನಿಮಗೆ ಸುಲಭಕ್ಕೆ ಹೊಸ ಸಾಲ ಕೊಡಲ್ಲ, ಅವ್ರು ಹೆಚ್ಚಾಗಿ ನೋಡೋದು ಸಂಬಳದ ಸ್ಲಿಪ್ಪು. ಮನೆ ಬೆಲೆ ಎಷ್ಟೇ ಏರಿರ್ಲಿ, ಗೋಡೆ ಕಿತ್ತು ಆಸ್ಪತ್ರೆ ಬಿಲ್ ಕಟ್ಟಕ್ಕಾಗಲ್ವಲ್ಲ.

ಆಮೇಲೆ ಈಗಿರೋ ಬ್ಯಾಂಕಿಗೇ ಹೋಗಿ ಬಡ್ಡಿ ಇಳಿಸ್ತೀರಾ ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ, ಎಷ್ಟೋ ಸಲ ಸಣ್ಣ ಫೀಸಲ್ಲಿ ಕೆಲಸ ಮುಗಿಯತ್ತೆ.

ಆಗ್ಲಿಲ್ಲ ಅಂದ್ರೆ ಬದಲಾಯಿಸೋ ಖರ್ಚು ಪೂರ್ತಿ ಕೂಡಿಸಿ: ಪ್ರೊಸೆಸಿಂಗ್ ಫೀಸು, ಮನೆ ವ್ಯಾಲ್ಯುಯೇಶನ್, ಲಾಯರ್ ಫೀಸು, ನೋಂದಣಿ ಖರ್ಚು, ಹಳೇ ಸಾಲ ಮುಂಚೆನೇ ತೀರಿಸಿದ್ದಕ್ಕೆ ದಂಡ ಇದ್ರೆ ಅದೂ. ಆ ಮೊತ್ತನ ತಿಂಗಳಿಗೆ ಉಳಿಯೋ ದುಡ್ಡಿಂದ ಭಾಗಿಸಿ. ಉದಾಹರಣೆಗೆ 30 ಲಕ್ಷ ಬಾಕಿ, 15 ವರ್ಷ ಉಳಿದಿದೆ, ಬಡ್ಡಿ 9% ಅಂದ್ಕೊಳ್ಳಿ, ಇಎಂಐ ಸುಮಾರು 30,430. ಅದೇ 8.25% ಆದ್ರೆ ಸುಮಾರು 29,100. ಉಳಿಯೋದು ತಿಂಗಳಿಗೆ 1,300 ಚಿಲ್ಲರೆ. ಖರ್ಚು 30,000 ಆದ್ರೆ ಅದು ವಾಪಸ್ ಬರೋಕೇ 23 ತಿಂಗಳು ಬೇಕು! ಅಷ್ಟರೊಳಗೆ ಮನೆ ಮಾರೋ ಯೋಚನೆ ಇದ್ರೆ ಈ ತಲೆನೋವೇ ಬೇಡ. ಸಾಲ ಮುಗಿಯೋಕೆ ಮೂರ್ನಾಕು ವರ್ಷ ಉಳಿದಿದ್ರೂ ಅಷ್ಟೇ, ಕೊನೆಕೊನೇಲಿ ಇಎಂಐಯಲ್ಲಿ ಬಹುಪಾಲು ಅಸಲೇ ಇರೋದ್ರಿಂದ ಬಡ್ಡಿ ಇಳಿದ್ರೂ ದೊಡ್ಡದಾಗೇನೂ ಉಳಿಯಲ್ಲ.

ಜನ ಜಾಸ್ತಿ ಎಡವೋದು ಅವಧಿ ವಿಷ್ಯದಲ್ಲಿ. ಅದೇ 8.25%ಗೆ ಮತ್ತೆ 20 ವರ್ಷ ಬರೆಸ್ಕೊಂಡ್ರೆ ಇಎಂಐ ಸುಮಾರು 25,560ಕ್ಕೆ ಇಳಿಯತ್ತೆ, ನೋಡಿದವ್ರಿಗೆ ಖುಷಿನೋ ಖುಷಿ, ಆದ್ರೆ ಕೊನೇವರೆಗೂ ಕಟ್ಟೋದನ್ನ ಕೂಡಿಸಿದ್ರೆ ಹಳೇ ಸಾಲಕ್ಕಿಂತ ಆರೂವರೆ ಲಕ್ಷದಷ್ಟು ಜಾಸ್ತಿ. ಬಡ್ಡಿ ಇಳಿಸ್ಕೊಂಡು ದುಬಾರಿ ಸಾಲ ತಗೊಂಡ ಹಾಗೆ! ಉಳಿದಿರೋ 15 ವರ್ಷಕ್ಕೇ ಬರೆಸಿ. ಹೌದು, ಸಂಬಳ ನಿಜವಾಗ್ಲೂ ಸಾಲ್ತಿಲ್ಲ ಅಂದ್ರೆ ಅವಧಿ ಹೆಚ್ಚಿಸೋದು ಬೇರೆ ಮಾತು, ಅದು ಉಳಿತಾಯ ಅಲ್ಲ, ಉಸಿರಾಡೋಕೆ ಜಾಗ ಅಂತ ಗೊತ್ತಿದ್ದು ಮಾಡಿ.

ಇನ್ನು ಆ 30,000 ಎಲ್ಲಿಂದ ತರೋದು? ಆಪತ್ತಿನ ದುಡ್ಡಿಂದ ತೆಗೆದ್ಮೇಲೂ ಕಮ್ಮಿ ಅಂದ್ರೆ 3 ತಿಂಗಳ (ಒಬ್ರೇ ದುಡಿಯೋದಾದ್ರೆ 6 ತಿಂಗಳ) ಖರ್ಚಿಗಾಗೋಷ್ಟು ಉಳಿಯತ್ತೆ ಅಂದ್ರೆ ತೆಗೀರಿ, ಇಲ್ಲಾಂದ್ರೆ ನಾಕು ತಿಂಗಳು ಕಾದು ಕೂಡಿಡಿ. ಖರ್ಚನ್ನ ಸಾಲಕ್ಕೇ ಸೇರಿಸ್ಕೊಡ್ತೀವಿ ಅಂತ ಬ್ಯಾಂಕ್‌ನೋರು ಹೇಳ್ಬೋದು, ಆಗ ಅದಕ್ಕೂ 15 ವರ್ಷ ಬಡ್ಡಿ ಕಟ್ತೀರ. ಹೇಗೂ ಸಾಲ ಬದಲಾಯಿಸ್ತಿದೀವಲ್ಲ ಅಂತ ಇದ್ದಬದ್ದದ್ದೆಲ್ಲ ಅಸಲಿಗೆ ತುಂಬೋದಂತೂ ಬೇಡ್ವೇ ಬೇಡ, ಹಾಗೆ ಹೋದ ದುಡ್ಡನ್ನ ಕಷ್ಟಕಾಲದಲ್ಲಿ ವಾಪಸ್ ಕೇಳಿದ್ರೆ ಸಾಮಾನ್ಯವಾಗಿ ಕೊಡಲ್ಲ.

ಬದಲಾಯಿಸಿದ್ಮೇಲೆ ಉಳಿಯೋ 1,300ನ ಸಂಬಳ ಬಂದ ದಿನವೇ ಬೇರೆ ಅಕೌಂಟಿಗೆ ಹೋಗೋ ಹಾಗೆ ಮಾಡಿ, ತೆಗೆದ ದುಡ್ಡು ತುಂಬೋವರೆಗೂ. ಮತ್ತೆ ಹಳೇ ಬ್ಯಾಂಕಿಂದ ಸಾಲ ಮುಗೀತು ಅನ್ನೋ ಲೆಟರ್ ಕೈಗೆ ಬರೋವರೆಗೂ ಹಳೇ ಇಎಂಐ ನಿಲ್ಲಿಸ್ಬೇಡಿ.